ಕಾಲರ್ ಬೋನ್‌ಗೆ ಪ್ಲೇಟ್ ಬೇಕೇ?
ಬೈಕಿನಿಂದ ಬಿದ್ದು ಕಾಲರ್ ಬೋನ್ (ಕುತ್ತಿಗೆ ಬುಡದಿಂದ ಭುಜದವರೆಗಿನ ಮೂಳೆ) ನಡುಭಾಗ ಮುರಿದಿದೆ, ತುಂಡುಗಳು 1 ಸೆಂ.ಮೀ. ಒಂದರ ಮೇಲೊಂದು ಏರಿವೆ, ಆಪರೇಷನ್ ಮಾಡಿಸಿ ಲೋಹದ ಪ್ಲೇಟ್ ಹಾಕಿಸಲೇ ಅಂತ ಕೇಳಿದ್ದೀರಿ. ಇಷ್ಟಕ್ಕೆ ಸಾಮಾನ್ಯವಾಗಿ ಬೇಕಿಲ್ಲ. ತುಂಡುಗಳು ಪೂರ್ತಿ ಬೇರ್ಪಟ್ಟು, ಮೂಳೆ 2 ಸೆಂ.ಮೀ.ಗಿಂತ ಹೆಚ್ಚು ಗಿಡ್ಡವಾಗಿದ್ದರೆ ಆಪರೇಷನ್ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಅಂಥವನ್ನು ಹಾಗೇ ಬಿಟ್ಟರೆ ನೂರಕ್ಕೆ ಸುಮಾರು 15 ಕೂಡುವುದೇ ಇಲ್ಲ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ತುಂಡುಗಳು ಜರುಗಿದ್ದು ಕಡಿಮೆ ಕಾಣುತ್ತದೆ, ವಾರ ಬಿಟ್ಟು ನಿಂತು ತೆಗೆಸಿ.

ಸ್ಲಿಂಗ್ (ಕೈಯನ್ನು ಕುತ್ತಿಗೆಗೆ ತೂಗುಹಾಕುವ ಪಟ್ಟಿ) 3-4 ವಾರ ಸಾಕು. ಎರಡೂ ಭುಜ ಸುತ್ತಿ ಬೆನ್ನ ಮೇಲೆ ಕಟ್ಟುವ ಎಂಟರ ಆಕಾರದ ಪಟ್ಟಿಯಿಂದ ಹೆಚ್ಚಿನ ಲಾಭವಿಲ್ಲ, ಕಂಕುಳು ಉರಿಯುತ್ತದೆ ಅಷ್ಟೆ. ಬೆರಳು, ಮೊಣಕೈ ಮೊದಲ ದಿನದಿಂದಲೇ ಆಡಿಸಿ. ಸಿಗರೇಟು ಇದ್ದರೆ ಬಿಡಿ, ಮೂಳೆ ಕೂಡದಿರಲು ಅದೂ ಕಾರಣ. ಮೂಳೆ ಕೂಡಿದ ಜಾಗದಲ್ಲಿ ಗಂಟು ಉಳಿಯಬಹುದು, ಅದಕ್ಕೆ ಹೆದರಬೇಡಿ. ಆದರೆ ಮುರಿದ ಜಾಗದ ಚರ್ಮ ಬಿಗಿದು ಬಿಳುಚಿದರೆ, ಕೈ ಜೋಮು ಹಿಡಿದರೆ ಅಂದೇ ಆಸ್ಪತ್ರೆಗೆ ಹೋಗಿ.