ಕುದುರೆಮುಖದ ಹಳೇ ಗಣಿ ಕಡೆ ಗೈಡ್ ಇಲ್ಲದೆ ಸುತ್ತಾಡಿ ಬರಬಹುದಾ? ಯಾವ ಶೂ ಒಳ್ಳೆಯದು?

"ಗಣಿ ನಿಂತು ಇಪ್ಪತ್ತು ವರ್ಷ ಆಯ್ತಲ್ಲ, ಈಗ ಎಲ್ಲ ಹಸಿರೇ. ಇಬ್ಬರು ಫ್ರೆಂಡ್ಸ್ ಸುಮ್ನೆ ನಡೆದು ಬಂದರೆ ಏನಾಗುತ್ತೆ?" ಅಂತ ಕೇಳಿದ್ದೀರಿ. ನನಗೆ ಏನಾಯಿತು ಅಂತ ಹೇಳುತ್ತೇನೆ, ಕೇಳಿ. ನಿಮ್ಮ ಪ್ರಶ್ನೆ ಓದುವಾಗಲೇ ಎಡ ಮೊಣಕಾಲು ಒಂದು ಸಲ ಚುಳ್ ಅಂದಿತು.

2008ರ ನವೆಂಬರ್. ನನಗೆ 23 ವರ್ಷ. ಊರು ಭದ್ರಾವತಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಹಾಗಾಗಿ ಅದಿರು, ಗಣಿ ಎಲ್ಲ ನಮಗೆ ಮನೆಮಾತು. ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಈಗ ಜನ ಅಲ್ಲಿಗೆ ಹೂದೋಟ ನೋಡೋಕೆ ಹೋಗುತ್ತಾರೆ, ಅದೂ ಹಳೇ ಗಣಿಯೇ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎಷ್ಟು ಸಲ ಆ ಗುಡ್ಡ ಸುತ್ತಿದ್ದೇನೋ ಲೆಕ್ಕವಿಲ್ಲ. ಕೆಂಪು ಕಲ್ಲು, ಕೆಂಪು ಮಣ್ಣು, ಎಲ್ಲಿ ಕಾಲಿಟ್ಟರೂ ಗಟ್ಟಿ ನೆಲ. ಗಣಿ ಅಂದರೆ ಇದೇ ಅಂದುಕೊಂಡಿದ್ದೆ.

ಚಿಕ್ಕಮ್ಮನ ಮಗನನ್ನು ಬೈಕ್ ಹಿಂದೆ ಕೂರಿಸಿಕೊಂಡು ಬಾಳೆಹೊನ್ನೂರು, ಕಳಸದ ಮೇಲೆ ಹೋದೆ. ಮರುದಿನ ಬೆಳಿಗ್ಗೆ ಕುದುರೆಮುಖ ಶಿಖರ ಹತ್ತುವ ಪ್ಲಾನು. ಆದರೆ ಮಧ್ಯಾಹ್ನಕ್ಕೇ ಕಳಸ ಮುಟ್ಟಿಬಿಟ್ಟೆವು. ಕೈಯಲ್ಲಿ ಅರ್ಧ ದಿನ. "ಅಣ್ಣಾ, ಗಣಿ ನೋಡಿ ಬರೋಣ" ಅಂದ. ಅದೇ ಕೆಟ್ಟದ್ದು ನೋಡಿ, ಆ ಅರ್ಧ ದಿನ.

ಗಣಿ ಕೆಲಸದವರಿಗೆ ಅಂತ ಕಟ್ಟಿದ್ದ ಮಲ್ಲೇಶ್ವರದ ಟೌನ್‌ಶಿಪ್ (ಬೆಂಗಳೂರಿನದಲ್ಲ, ಕುದುರೆಮುಖದ್ದು) ಆಗಲೇ ಬಣಗುಟ್ಟುತ್ತಿತ್ತು. ಗಣಿ ನಿಂತು ಮೂರು ವರ್ಷವಷ್ಟೇ. ಈ ಕಥೆಯೇ ವಿಚಿತ್ರ. ಇರಾನ್‌ಗೆ ಅದಿರು ಕಳಿಸೋಕೆ ಅಂತ ಶುರುವಾದ ಯೋಜನೆ ಇದು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಇರಾನ್ ಕೈಕೊಟ್ಟಿತು. 1987ರಲ್ಲಿ ಸುತ್ತಲಿನ ಕಾಡೆಲ್ಲ ರಾಷ್ಟ್ರೀಯ ಉದ್ಯಾನ ಆಯಿತು, ನಡುವೆ ಗಣಿ ಮಾತ್ರ ನಡೆದೇ ಇತ್ತು. ಕಡೆಗೆ ಸುಪ್ರೀಂ ಕೋರ್ಟ್ ಹೇಳಿ, 2005ರ ಡಿಸೆಂಬರ್ 31ಕ್ಕೆ ನಿಂತಿತು. ಅಪ್ಪ ಪೇಪರ್ ಓದಿ "ಪಾಪ, ಎಷ್ಟು ಜನರ ಕೆಲಸ ಹೋಯ್ತೋ" ಅಂದಿದ್ದು ಇನ್ನೂ ನೆನಪಿದೆ. ಕಾರ್ಖಾನೆ ಮನುಷ್ಯ, ಅವರಿಗೆ ಕಾಡಿಗಿಂತ ಮೊದಲು ಅದು ಕಂಡಿತು.

ಒಂದು ಹಳೇ ರಸ್ತೆ. ಅಡ್ಡಕ್ಕೆ ಸರಪಳಿ, ಪಕ್ಕದಲ್ಲಿ ಪ್ರವೇಶವಿಲ್ಲ ಅನ್ನುವ ಬೋರ್ಡು. ಬೈಕ್ ನಿಲ್ಲಿಸಿ, ಸರಪಳಿ ದಾಟಿ ನಡೆದೆವು. ಹತ್ತು ನಿಮಿಷ ಆದ ಮೇಲೆ ರಸ್ತೆ ದೊಡ್ಡದಾಗಿ ಬಳಸಿಕೊಂಡು ಹೋಗುತ್ತಿತ್ತು. ಬಲಗಡೆ ತಗ್ಗಿನಲ್ಲಿ ಆಟದ ಮೈದಾನದ ಹಾಗೆ ಸಪಾಟಾದ ಜಾಗ. ಬೂದಿ ಬಣ್ಣ, ಒಂದು ಗರಿಕೆಯೂ ಇಲ್ಲ. ಅಡ್ಡ ದಾಟಿದರೆ ರಸ್ತೆಯ ಆ ತುದಿ.

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಹಿಸಿಕೊಳ್ಳಿ. ಹದಿನೈದು ವರ್ಷಕ್ಕಿಂತ ಹೆಚ್ಚು ಇದನ್ನೇ ಯೋಚಿಸಿದ್ದೇನೆ.

ಕುದುರೆಮುಖದ ಅದಿರು ಕೆಮ್ಮಣ್ಣುಗುಂಡಿಯ ಹಾಗಲ್ಲ. ಇದು ಮ್ಯಾಗ್ನಟೈಟ್, ಕಬ್ಬಿಣದ ಅಂಶ ಕಡಿಮೆ. ಕಲ್ಲನ್ನು ಹಾಗೇ ಲಾರಿಗೆ ತುಂಬಿ ಕಳಿಸಿದರೆ ಗಿಟ್ಟಲ್ಲ. ಅದಕ್ಕೆ ಅದನ್ನು ಹಿಟ್ಟಿನ ಹಾಗೆ ಅರೆಯುತ್ತಿದ್ದರು. ನೀರಿನಲ್ಲಿ ಕಲಸಿ, ಅಯಸ್ಕಾಂತದಿಂದ ಕಬ್ಬಿಣದ ಪುಡಿ ಬೇರೆ ಮಾಡಿ, ಗಂಜಿಯ ಹದದಲ್ಲಿ ಪೈಪಿನೊಳಗೆ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಮಾರು 67 ಕಿಲೋಮೀಟರ್ ಪೈಪು! ಉಳಿದದ್ದು? ಅದೂ ಹಿಟ್ಟೇ, ಅದೂ ನೀರಿನಲ್ಲಿ ಕಲಸಿದ್ದೇ. ಆ ಹೂಳನ್ನು ತಡೆದು ನಿಲ್ಲಿಸೋಕೇ ಲಕ್ಯಾ ಹೊಳೆಗೆ ಅಷ್ಟು ಎತ್ತರದ ಅಣೆಕಟ್ಟು ಕಟ್ಟಿದ್ದು. ಅಂದರೆ ಇಲ್ಲಿ ಗಣಿ ಬಿಟ್ಟುಹೋದದ್ದು ಬರೀ ಕಲ್ಲಲ್ಲ, ನುಣ್ಣಗಿನ ಪುಡಿ ಕೂಡ. ಅದರ ಮೇಲೆ ವರ್ಷ ವರ್ಷ ಮಲೆನಾಡಿನ ಮಳೆ. ಪುಡಿ ಕೊಚ್ಚಿಕೊಂಡು ಬಂದು ತಗ್ಗಿನಲ್ಲಿ ಕೂರುತ್ತದೆ. ಮೇಲೆ ಬಿಸಿಲಿಗೆ ಒಣಗಿ ಹೆಪ್ಪು ಕಟ್ಟುತ್ತದೆ. ಒಳಗೆ ನೀರು ಹಾಗೇ ಇರುತ್ತದೆ.

ನಾನು ಪೂರ್ತಿ ಬೆಪ್ಪನೂ ಅಲ್ಲ, ಪರೀಕ್ಷೆ ಮಾಡಿದ್ದೆ. ಅಂಚಿನಲ್ಲಿ ನಿಂತು ಕಾಲು ಅಪ್ಪಳಿಸಿ ನೋಡಿದೆ. ಗಟ್ಟಿ ಇತ್ತು. ಅಂಚು ಯಾವಾಗಲೂ ಗಟ್ಟಿಯೇ, ಮೊದಲು ಒಣಗೋದು ಅದೇ ಅಲ್ವಾ! ಇನ್ನೊಂದನ್ನೂ ನೋಡಿದ್ದೆ. ಕಡವೆಯ ಗೊರಸಿನ ಗುರುತು. ಎರಡು ಮೂರು ಸಾಲು. ಎಲ್ಲವೂ ಅಂಚು ಹಿಡಿದು ಸುತ್ತು ಹಾಕಿಕೊಂಡು ಹೋಗಿದ್ದವು, ನಡುವೆ ಒಂದೂ ಇರಲಿಲ್ಲ. "ನೋಡೋ, ಕಡವೆ ಹೆಜ್ಜೆ" ಅಂತ ತಮ್ಮನಿಗೆ ತೋರಿಸಿದೆ, ಫೋಟೋ ಕೂಡ ತೆಗೆದೆ. ಆಮೇಲೆ ನೇರ ನಡುವಿಗೆ ನಡೆದೆ.

ಹದಿನೈದನೇ ಹೆಜ್ಜೆಗೋ ಏನೋ, ಹಪ್ಪಳ ಮುರಿದ ಸದ್ದು. ಎಡಗಾಲು ಮೊಣಕಾಲಿನವರೆಗೆ ಒಳಗೆ. ನಗು ಬಂತು ಮೊದಲು. ಎಳೆದೆ. ಬರಲಿಲ್ಲ. ಜೋರಾಗಿ ಅಲ್ಲಾಡಿಸಿದೆ. ಗಟ್ಟಿ ಮೊಸರನ್ನು ಕಡೆದರೆ ನೀರಾಗುತ್ತಲ್ಲ, ಹಾಗೆ ಕಾಲಿನ ಸುತ್ತ ಎಲ್ಲ ತೆಳ್ಳಗಾಯಿತು. ತೊಡೆವರೆಗೆ ಇಳಿದೆ. ಅಲ್ಲಾಡಿಸೋದು ನಿಲ್ಲಿಸಿದರೆ ಮತ್ತೆ ಬಿಗಿ. ಆಗ ಹಿಂದಕ್ಕೆ ಒರಗಿ, ಮೈ ಭಾರ ಹರಡಿ, ನಿಧಾನಕ್ಕೆ ಕಾಲು ಬಿಡಿಸಿಕೊಳ್ಳಬೇಕು. ಗೊತ್ತಿರಲಿಲ್ಲ. ಗಾಬರಿಯಲ್ಲಿ ಇಡೀ ಮೈ ತಿರುಚಿ ಎಳೆದೆ. ಪಾದ ಕೆಳಗೆ ಕಚ್ಚಿಕೊಂಡಿತ್ತು, ಮೈ ತಿರುಗಿತು, ನಡುವೆ ಮೊಣಕಾಲು ಲಟಕ್ ಅಂತು.

ತಮ್ಮ ಅಕೇಶಿಯಾ ಕೊಂಬೆ ಮುರಿದು ತಂದು, ಹೊಟ್ಟೆ ಮೇಲೆ ಮಲಗಿ, ನನ್ನನ್ನು ಎಳೆಯೋಕೆ ಒಂದು ತಾಸು ಹಿಡಿಯಿತು. ರಸ್ತೆಗೆ ಬಂದಾಗ ಗಾರ್ಡ್ ಒಬ್ಬರು ನಿಂತಿದ್ದರು. ಬೈಯುತ್ತಲೇ ನನ್ನನ್ನು ಹೆಗಲಿಗೆ ಆನಿಸಿಕೊಂಡರು. "ಹುದುಲಿಗೆ ದನ ಕೂಡ ಇಳಿಯಲ್ಲ ಮಾರಾಯ" ಅಂದದ್ದು ಮಾತ್ರ ನೆನಪಿದೆ. ತಪ್ಪು ಯಾರ ಮೇಲೂ ಹಾಕುವ ಹಾಗಿಲ್ಲ. ಬೋರ್ಡ್ ಇತ್ತು, ಸರಪಳಿ ಇತ್ತು.

ಲಿಗಮೆಂಟ್ ಹರಿದಿತ್ತು. ಆಪರೇಶನ್, ಸಾಲ, ಆರು ತಿಂಗಳು ಮನೆ. ಅದೇ ಡಿಸೆಂಬರ್‌ನಲ್ಲಿ ಪೊಲೀಸ್ ಕೆಲಸಕ್ಕೆ ಓಟದ ಪರೀಕ್ಷೆ ಇತ್ತು, ಅದಕ್ಕೆ ವರ್ಷವಿಡೀ ಬೆಳಗಿನ ಜಾವ ಎದ್ದು ಓಡಿದ್ದೆ. ಈಗ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ.

ಈಗ ನಿಮ್ಮ ಪ್ರಶ್ನೆ. ಗೈಡ್ ಬೇಕಾ ಬೇಡವಾ ಅನ್ನೋದು ಆಮೇಲೆ. ಗಣಿ ಕಡೆ ಹೋಗೋದೇ ಬೇಡ. ಅದು ಟ್ರೆಕ್ಕಿಂಗ್ ದಾರಿಯಲ್ಲ, ಅಲ್ಲಿ ನೋಡೋಕೆ ಏನೂ ಇಲ್ಲ. "ಎಲ್ಲ ಹಸಿರೇ" ಅನ್ನುವ ಮಾತನ್ನೂ ನಾನು ಒಪ್ಪಲ್ಲ. ಅಲ್ಲಿ ಕಾಣುವ ಹಸಿರಲ್ಲಿ ಎಷ್ಟೋ ಪಾಲು ನೆಟ್ಟ ಅಕೇಶಿಯಾ. ನಾವು ಅದನ್ನು ನೋಡಿ ಕಾಡು ವಾಪಸ್ ಬಂತು ಅನ್ನುತ್ತೇವೆ. ಆ ಕಡೆ ಬೋಳು ಹುಲ್ಲುಗುಡ್ಡ ನೋಡಿ ಅಯ್ಯೋ ಕಾಡು ಕಡಿದಿದ್ದಾರೆ ಅನ್ನುತ್ತೇವೆ. ಎರಡೂ ಉಲ್ಟಾ. ಹುಲ್ಲೇ ಅಲ್ಲಿನ ಮೂಲ. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು, ಅದರೊಳಗಿಂದ ನೀರು.

ಅದನ್ನು ನೋಡಬೇಕು ಅಂದರೆ ಶಿಖರಕ್ಕೆ ಹೋಗಿ. 2019ರಲ್ಲಿ ಕಡೆಗೂ ಹೋದೆ, ಮುಳ್ಳೋಡಿಯಿಂದ, ಗೈಡ್ ಜೊತೆ, ಪರ್ಮಿಟ್ ಮಾಡಿಸಿಕೊಂಡು. ಹೋಗಿ ಬರೋಕೆ ಹತ್ತಿರ ಹತ್ತಿರ 20 ಕಿಲೋಮೀಟರ್. ಒಂಟಿಮರದ ಹತ್ತಿರ ಮಂಜು ಸರಿದು, ಮಡಿಕೆ ಮಡಿಕೆ ಗುಡ್ಡ ಕಂಡಾಗ ಸುಮಾರು ಹೊತ್ತು ಮಾತೇ ಬರಲಿಲ್ಲ. ಈಗ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ಗೈಡ್ ಖರ್ಚು ಅಂತ ಗೊಣಗಬೇಡಿ. ಮಂಜು ಕವಿದರೆ ಅಲ್ಲಿ ಎಲ್ಲ ಗುಡ್ಡವೂ ಒಂದೇ ಥರ. ಮಳೆಗಾಲದ ಆಸುಪಾಸು ಹೋದರೆ ಇಂಬಳ ಕಾಯುತ್ತಿರುತ್ತವೆ, ಉಪ್ಪಿನ ಗಂಟು ಇಟ್ಟುಕೊಳ್ಳಿ. ಇಳಿಯುವಾಗ ಕೋಲು ಇರಲಿ. ನನಗೆ ಹತ್ತಿದ್ದಕ್ಕಿಂತ ಇಳಿಯೋಕೇ ಜಾಸ್ತಿ ಹೊತ್ತು ಹಿಡಿಯಿತು, ಗೈಡ್ ಹುಡುಗ ಪ್ರತಿ ತಿರುವಿನಲ್ಲೂ "ಕೂತ್ಕೊಳ್ಳಿ ಸಾರ್" ಅನ್ನುತ್ತಿದ್ದ.

ಶೂ ಯಾವುದಾದರೂ ನಡೆಯುತ್ತೆ, ಅಡಿ ಜಾರದಿದ್ದರೆ ಸಾಕು. ನನ್ನದು ಆಗಿನ ಕಾಲಕ್ಕೆ ಒಳ್ಳೆಯದೇ, ಓಟಕ್ಕೆ ಅಂತ ಅಪ್ಪ ಕೊಡಿಸಿದ್ದು. ಬಲಗಾಲಿನದು ಮನೆಯಲ್ಲಿದೆ. ಎಡಗಾಲಿನದು ಅಲ್ಲೇ ಉಳಿಯಿತು.