ವಾಚ್‌ಮೆನ್: ಕಾಮಿಕ್ಸ್‌ನ ಅಂತ್ಯವೋ, ಸಿನಿಮಾದ ಅಂತ್ಯವೋ?

ಪ್ರಶ್ನೆ: ‘ವಾಚ್‌ಮೆನ್’ ಕಾಮಿಕ್ಸ್ ಓದಿದ ಬಳಿಕ 2009ರಲ್ಲಿ ತೆರೆಕಂಡ ಅದರ ಸಿನಿಮಾವನ್ನು ನೋಡಿದೆ. ಮೂಲದಲ್ಲಿ ಬರುವ ದೈತ್ಯ ಜೀವಿಯನ್ನು ಕೈಬಿಟ್ಟು, ವಿನಾಶದ ಹೊಣೆಯನ್ನು ಅತಿಮಾನುಷ ಶಕ್ತಿಯುಳ್ಳ ಡಾಕ್ಟರ್ ಮ್ಯಾನ್‌ಹ್ಯಾಟನ್ ತಲೆಗೆ ಕಟ್ಟಿರುವ ಸಿನಿಮಾದ ಅಂತ್ಯವೇ ನನಗೆ ಹೆಚ್ಚು ಸಮಂಜಸವಾಗಿ ಕಂಡಿತು. ಅದು ಮೂಲಕ್ಕಿಂತ ಉತ್ತಮವೆನ್ನಬಹುದೇ?

ಉತ್ತರ: ಸಮಂಜಸ ಎಂಬ ನಿಮ್ಮ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಉತ್ತಮ ಎಂಬುದನ್ನು ಒಪ್ಪಲಾರೆ.

ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಈ ಕಥೆ 1986–87ರಲ್ಲಿ 12 ಸಂಚಿಕೆಗಳಾಗಿ ಪ್ರಕಟವಾಯಿತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಅಣುಯುದ್ಧದ ಅಂಚಿಗೆ ಬಂದು ನಿಂತಾಗ, ಹಿಂದೆ ಸೂಪರ್‌ಹೀರೋ ಆಗಿದ್ದ ಸಿರಿವಂತ ಏಡ್ರಿಯನ್ ವೈಟ್, ಎರಡೂ ದೇಶಗಳು ಹಗೆ ಮರೆತು ಒಂದಾಗಲೆಂದು, ತಾನು ರಹಸ್ಯವಾಗಿ ಸೃಷ್ಟಿಸಿದ ಜೀವಿಯೊಂದನ್ನು ನ್ಯೂಯಾರ್ಕ್ ನಗರದ ಮೇಲೆ ಪ್ರಯೋಗಿಸಿ, ಅದನ್ನು ಅನ್ಯಲೋಕದ ದಾಳಿಯೆಂದು ಜಗತ್ತು ನಂಬುವಂತೆ ಮಾಡುತ್ತಾನೆ. ಕಣ್ಮರೆಯಾದ ಕಲಾವಿದರು, ಗುಪ್ತ ದ್ವೀಪ ಮುಂತಾಗಿ ಈ ಸಂಚಿನ ಸುಳಿವುಗಳು ಹಲವು ಸಂಚಿಕೆಗಳಲ್ಲಿ ಹರಡಿಕೊಂಡಿವೆ. ಮೂರು ಗಂಟೆಗೂ ಕಡಿಮೆ ಅವಧಿಯ ಸಿನಿಮಾದಲ್ಲಿ ಅವಕ್ಕೆಲ್ಲ ಎಡೆಯಿಲ್ಲ. ಮ್ಯಾನ್‌ಹ್ಯಾಟನ್‌ನ ಒಡನಾಟದಿಂದ ಕ್ಯಾನ್ಸರ್ ಬರುತ್ತದೆಂಬ ಅಪವಾದವನ್ನು ಹುಟ್ಟಿಸಿ ಅವನನ್ನು ಮಂಗಳ ಗ್ರಹಕ್ಕೆ ಓಡಿಸಿದವನೂ ವೈಟ್‌ನೇ ಆದ್ದರಿಂದ, ಸಿನಿಮಾದಲ್ಲಿ ಆ ಮೊದಲ ವಂಚನೆಯೇ ಬೆಳೆದು ಕೊನೆಯ ವಂಚನೆಯಾಗುತ್ತದೆ. ನಿರ್ದೇಶಕ ಝಾಕ್ ಸ್ನೈಡರ್ ಅವರ ಸಿನಿಮಾದ ಈ ಹೆಣಿಗೆ ನಿಜಕ್ಕೂ ಅಚ್ಚುಕಟ್ಟಾದದ್ದು.

ಆದರೆ ಮ್ಯಾನ್‌ಹ್ಯಾಟನ್ ಈ ಕಥೆಯಲ್ಲಿ ಯಾರು? ಅಮೆರಿಕಕ್ಕೆ ವಿಯೆಟ್ನಾಂ ಯುದ್ಧವನ್ನು ಗೆದ್ದುಕೊಟ್ಟವನು, ಆ ದೇಶದ ಅತಿದೊಡ್ಡ ಅಸ್ತ್ರ. ಸಿನಿಮಾದಲ್ಲಿ ಅಂಥವನಿಂದ ತಮ್ಮ ನಗರ ನಾಶವಾಯಿತೆಂದು ನಂಬಿದ ಸೋವಿಯತ್ ನಾಯಕರು ವಾಷಿಂಗ್ಟನ್ನಿನ ಕೈಹಿಡಿಯುವರೇ ಅಥವಾ ಅದನ್ನೇ ಹೊಣೆಗಾರನನ್ನಾಗಿ ಮಾಡುವರೇ? ನ್ಯೂಯಾರ್ಕನ್ನೂ ನಾಶಮಾಡುವ ಮೂಲಕ ಸಿನಿಮಾ ಈ ಆಕ್ಷೇಪಕ್ಕೆ ಉತ್ತರ ಹೇಳಲು ಯತ್ನಿಸುತ್ತದೆ, ಆದರೂ ನನ್ನ ಶಂಕೆ ಕರಗಲಿಲ್ಲ. ಕಾಮಿಕ್ಸ್‌ನ ಜೀವಿಗೆ ಯಾವ ದೇಶವೂ ಇಲ್ಲ. ಎರಡು ಬಣಗಳಿಗೂ ಅದು ಸಮಾನವಾಗಿ ಪರಕೀಯ.

ತರ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸತ್ತವರ ವಿಚಾರ. ಪತ್ರಿಕೆ ಮಾರುವ ಮುದುಕ, ಅವನ ಅಂಗಡಿಯ ಬಳಿ ಕುಳಿತು ಕಡಲ್ಗಳ್ಳರ ಕಾಮಿಕ್ಸ್ ಓದುವ ಹುಡುಗ, ಟ್ಯಾಕ್ಸಿ ಓಡಿಸುವ ಯುವತಿ, ಮನೋವೈದ್ಯ ಮತ್ತು ಅವನ ಹೆಂಡತಿ—ಇವರನ್ನೆಲ್ಲ ಮೂರ್ ಮತ್ತು ಗಿಬ್ಬನ್ಸ್ ಸಂಚಿಕೆಯಿಂದ ಸಂಚಿಕೆಗೆ ನಮಗೆ ಪರಿಚಯಿಸುತ್ತ ಬಂದು, 11ನೆಯದರ ಕೊನೆಯಲ್ಲಿ ಒಂದೇ ರಸ್ತೆಯ ತಿರುವಿನಲ್ಲಿ ತಂದು ನಿಲ್ಲಿಸುತ್ತಾರೆ. ಮುದುಕ ಹುಡುಗನನ್ನು ತಬ್ಬಿಕೊಂಡಂತೆಯೇ ಇಬ್ಬರೂ ಬೆಳಕಿನಲ್ಲಿ ಕರಗಿಹೋಗುತ್ತಾರೆ. ಮುಂದಿನ ಸಂಚಿಕೆಯ ಮೊದಲ ಆರು ಪುಟಗಳಲ್ಲಿ ಪುಟಕ್ಕೊಂದೇ ಚಿತ್ರ. ಸಂಭಾಷಣೆ ಇಲ್ಲ, ಹೆಣಗಳಷ್ಟೇ. ಆ ಪುಟಗಳನ್ನು ಬೇಗ ಮಗುಚಲು ನನ್ನಿಂದ ಇಂದಿಗೂ ಆಗುವುದಿಲ್ಲ. ಸಿನಿಮಾದಲ್ಲಿಯೂ ಆ ಅಪ್ಪುಗೆ ಕ್ಷಣಕಾಲ ಕಾಣುತ್ತದೆ, ಆದರೆ ಅಲ್ಲಿ ಅವರಿಬ್ಬರೂ ನಮಗೆ ಅಪರಿಚಿತರು. ಬಳಿಕ ಉಳಿಯುವುದು ದೇಹಗಳಿಲ್ಲದ ಒಂದು ಬೃಹತ್ ಕುಳಿ. ಜೀವಿಯನ್ನು ಕೈಬಿಟ್ಟದ್ದನ್ನು ನಾನು ಮನ್ನಿಸಬಲ್ಲೆ, ಈ ಜನರನ್ನು ಕೈಬಿಟ್ಟದ್ದನ್ನಲ್ಲ.

ಇನ್ನೂ ಒಂದು ವ್ಯತ್ಯಾಸವಿದೆ. ಯಾವುದೂ ಎಂದಿಗೂ ಮುಗಿಯುವುದಿಲ್ಲ ಎಂಬ ಮಾತನ್ನು ಕಾಮಿಕ್ಸ್‌ನಲ್ಲಿ ಮ್ಯಾನ್‌ಹ್ಯಾಟನ್ ಸ್ವತಃ ವೈಟ್‌ಗೆ ಹೇಳಿ ಮಾಯವಾಗುತ್ತಾನೆ. ತಾನು ಮಾಡಿದ್ದು ಸರಿಯೇ ಎಂದು ಕೇಳಿದ ವೈಟ್ ಒಂಟಿಯಾಗಿ ನಿಂತುಬಿಡುತ್ತಾನೆ. ಸಿನಿಮಾದಲ್ಲಿ ಅದೇ ಮಾತನ್ನು ಮ್ಯಾನ್‌ಹ್ಯಾಟನ್ ಹೀಗೆನ್ನುತ್ತಿದ್ದ ಎಂದು ಅವನ ಹಿಂದಿನ ಗೆಳತಿ ಲಾರಿ ನೆನೆದು ಹೇಳುತ್ತಾಳೆ, ಅದೂ ತನ್ನ ಈಗಿನ ಪ್ರಿಯಕರನಿಗೆ. ವೈಟ್‌ನ ಕಿವಿಗೆ ಅದು ಬೀಳುವುದೇ ಇಲ್ಲ.