ಕಾರಿನ ಊರಿಗೆ ಬರುವ ಮುನ್ನ

"ಅಣ್ಣಾ, ಇಂಗ್ಲೆಂಡಿನ ಕೊವೆಂಟ್ರಿ ಹತ್ತಿರ ಒಂದು ಕಾರ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಜಾಗ್ವಾರ್ ಲ್ಯಾಂಡ್ ರೋವರ್ ಟಾಟಾದವರದ್ದೇ ಆಗಿರೋದ್ರಿಂದ ಆ ಕಡೆ ನಮ್ಮವರಿಗೆ ಭದ್ರತೆ ಇದೆ ಅಂತಾರೆ. ಬಂದ ವರ್ಷವೇ ಮನೆ ತಗೊಳ್ಳಲಾ?" ಅಂತ ಕೇಳಿದ್ದೀಯ.

ತಮ್ಮಾ, ಧಾರಾಳವಾಗಿ ಬಾ. ಆದರೆ 'ನಮ್ಮವರದ್ದು' ಅನ್ನೋ ಧೈರ್ಯದ ಮೇಲೆ ಮನೆ ಸಾಲ ಮಾಡಬೇಡ. 2008ರಲ್ಲಿ ಟಾಟಾದವರು 230 ಕೋಟಿ ಡಾಲರ್ ಕೊಟ್ಟು ಫೋರ್ಡ್ ಕೈಯಿಂದ ಜಾಗ್ವಾರ್, ಲ್ಯಾಂಡ್ ರೋವರ್ ಎರಡನ್ನೂ ಕೊಂಡಾಗ ನಾನೂ ಎದೆಯುಬ್ಬಿಸಿಕೊಂಡು ಓಡಾಡಿದ್ದೆ. ಆ ಹೆಮ್ಮೆ ಈಗಲೂ ಇದೆ. ಆದರೆ ಯಜಮಾನ ಯಾರು ಅನ್ನೋದಕ್ಕಿಂತ, ಆ ಕಾರ್ಖಾನೆಗೆ ಮುಂದಿನ ಹೊಸ ಮಾಡೆಲ್ ಬರುತ್ತೋ ಇಲ್ಲವೋ ಅಂತ ಮೊದಲು ವಿಚಾರಿಸು.

ಯಾಕೆ ಅಂತ ಲಾಂಗ್‌ಬ್ರಿಜ್ ನೋಡಿದರೆ ತಿಳಿಯುತ್ತೆ. ಬರ್ಮಿಂಗ್‌ಹ್ಯಾಮಿನ ದಕ್ಷಿಣಕ್ಕೆ ಹರ್ಬರ್ಟ್ ಆಸ್ಟಿನ್ 1905ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. 1952ರಲ್ಲಿ ಆಸ್ಟಿನ್, ಮಾರಿಸ್ ಎರಡು ಕಾರ್ ಕಂಪನಿಗಳೂ ಒಂದಾದವು. 1968ರ ಹೊತ್ತಿಗೆ ಜಾಗ್ವಾರ್, ಟ್ರಯಂಫ್, ರೋವರ್ ಎಲ್ಲ ಸೇರಿ ಬ್ರಿಟಿಷ್ ಲೇಲ್ಯಾಂಡ್ ಅನ್ನೋ ಒಂದೇ ಕಂಪನಿ ಆಯಿತು. ಸೂರು ಒಂದೇ ಆದರೂ ಒಲೆ ಬೇರೆ ಬೇರೆ: ಟ್ರಯಂಫ್ 2000, ರೋವರ್ 2000 ಅನ್ನೋ ಎರಡು ಕಾರುಗಳೂ ಒಬ್ಬನೇ ಗಿರಾಕಿಗಾಗಿ ಕಿತ್ತಾಡುತ್ತಿದ್ದವು. ಜೊತೆಗೆ ಮುಷ್ಕರ, ಹಳೇ ಯಂತ್ರಗಳು. 1975ರಲ್ಲಿ ಸರ್ಕಾರವೇ ಕೈಗೆ ತಗೊಂಡಿತು. ಆಮೇಲೆ 1988ರಲ್ಲಿ ವಿಮಾನ ಮಾಡೋ ಬ್ರಿಟಿಷ್ ಏರೋಸ್ಪೇಸ್, 1994ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕೊಂಡವು. 2000ದಲ್ಲಿ ಬಿಎಂಡಬ್ಲ್ಯು ಮಿನಿ ಕಾರನ್ನು ತಾನೇ ಇಟ್ಟುಕೊಂಡು, ಲ್ಯಾಂಡ್ ರೋವರನ್ನು ಫೋರ್ಡ್‌ಗೆ ಮಾರಿ, ಉಳಿದ ರೋವರ್ ಕಾರುಗಳ ಕಂಪನಿಯನ್ನು ಬರೀ 10 ಪೌಂಡಿಗೆ ಬಿಟ್ಟುಕೊಟ್ಟಿತು. ಹೊಸ ಕಾರು ರೂಪಿಸೋ ಬಂಡವಾಳ ಅದನ್ನು ಕೊಂಡವರ ಹತ್ತಿರ ಇರಲಿಲ್ಲ. 2005ರ ಏಪ್ರಿಲ್‌ನಲ್ಲಿ ಮುಳುಗಿತು, ಸುಮಾರು 6,000 ಜನರ ಕೆಲಸ ಹೋಯಿತು. ನೀನು ಬೆಂಗಳೂರಲ್ಲಿ ದಿನಾ ನೋಡೋ ಹೆಕ್ಟರ್ ಕಾರಿನ ಮೇಲಿನ ಎಂಟು ಮೂಲೆಯ ಎಂಜಿ ಗುರುತು ಇದೇ ಮನೆಯದ್ದು. ಹೆಸರು ಚೀನಾದವರ ಕೈ ಸೇರಿತು, ಗಾಡಿ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತೆ.

ನಮ್ಮ ಬೀದಿಯಲ್ಲಿ ಕಾರ್ ಲೈನಿನಲ್ಲೇ ದುಡಿದು ನಿವೃತ್ತರಾದ ಒಬ್ಬ ಅಜ್ಜ ಇದ್ದಾರೆ. ಅವರ ಗ್ಯಾರೇಜಿನಲ್ಲಿ ಹಳೇ ಮಾರಿಸ್ ಆಕ್ಸ್‌ಫರ್ಡ್ ಕಾರು ಇದೆ. ಮೊದಲ ಸಲ ಮುಸುಕು ಸರಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಅದೇ ದುಂಡನೆ ಬೆನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂರು ಜನ ಒತ್ತಿಕೊಂಡು ಕೂರೋ ಉದ್ದನೆ ಸೀಟು. ಹಾಸನದ ನಮ್ಮ ಮಾವನ ಅಂಬಾಸಡರ್! ಇಲ್ಲಿಯವರು ಬಿಟ್ಟ ಆ ಮಾಡೆಲ್ಲನ್ನೇ ನಮ್ಮವರು ಕಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 2014ರವರೆಗೂ ಮಾಡಿದರು ಅಂದಾಗ ಅಜ್ಜ ಏನೂ ಹೇಳಲಿಲ್ಲ, ಬಾನೆಟ್ ಮೇಲೆ ಒಮ್ಮೆ ಕೈಯಾಡಿಸಿದರು.

ಹಾಗಂತ ಎದೆಗುಂದಬೇಡ. ಆ ಆಕ್ಸ್‌ಫರ್ಡ್ ಕಾರು ಹುಟ್ಟಿದ ಕೌಲಿ ಅನ್ನೋ ಊರಲ್ಲೇ ಬಿಎಂಡಬ್ಲ್ಯು 2001ರಿಂದ ಹೊಸ ಮಿನಿ ಮಾಡ್ತಿದೆ. ಸಂಡರ್ಲೆಂಡಿನಲ್ಲಿ ನಿಸ್ಸಾನ್ 1986ರಿಂದ ಇದೆ. ಹೊರಗಿನವರು ಕೊಂಡಿದ್ದರಿಂದಲೇ ಎಲ್ಲ ಹಾಳಾಯಿತು ಅನ್ನೋ ಮಾತು ಇಲ್ಲಿ ಬೇಕಾದಷ್ಟು ಕೇಳ್ತೀಯ, ನಾನು ಒಪ್ಪಲ್ಲ. ಹಾಗೇ ದುಡ್ಡಿರೋ ಯಜಮಾನ ಇದ್ದರೆ ಸಾಕು ಅನ್ನೋದೂ ಸುಳ್ಳು: ಸ್ವಿಂಡನ್‌ನ ಹೋಂಡಾ ಕಾರ್ಖಾನೆ 2021ರ ಜುಲೈಯಲ್ಲಿ ಮುಚ್ಚಿತು. 1972ರಲ್ಲಿ 19 ಲಕ್ಷ ಕಾರು ಮಾಡಿದ ಬ್ರಿಟನ್ 2024ರಲ್ಲಿ ಮಾಡಿದ್ದು 8 ಲಕ್ಷಕ್ಕೂ ಕಡಿಮೆ.

ಇನ್ನು ನಿನ್ನ ವೀಸಾ ಕೆಲಸಕ್ಕೆ ಅಂಟಿಕೊಂಡಿರೋದು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಕಂಪನಿ ಹುಡುಕಬೇಕು. ಅದಕ್ಕೇ ಮೊದಲು ಬಾಡಿಗೆಗೆ ಇರು. ಕೊವೆಂಟ್ರಿ, ಗೇಡನ್, ಸೋಲಿಹಲ್ ಅಂತ ಕಾರ್ ಕೆಲಸ ಇರೋ ಮೂರೂ ಊರುಗಳಿಗೆ ಹೋಗಿಬರೋಕೆ ಆಗುವಂಥ ಜಾಗ ನೋಡು. ಬ್ಯಾಟರಿ, ಸಾಫ್ಟ್‌ವೇರ್ ಕಡೆಯ ಕೆಲಸ ಕೇಳಿ ತಗೋ. ಆರು ತಿಂಗಳ ಖರ್ಚು ಕೈಯಲ್ಲಿರಲಿ, ಅದಕ್ಕೆ ಮುಂಚೆ ಊರಿಗೂ ದುಡ್ಡು ಕಳಿಸಬೇಡ. ಅಪ್ಪ ಅಮ್ಮನಿಗೆ ಬೇಕಾದರೆ ನಾನೇ ಮಾತಾಡಿ ಹೇಳ್ತೀನಿ.

ಬಂದ ಮೇಲೆ ಒಂದು ಭಾನುವಾರ ಮನೆಗೆ ಬಾ. ಊಟ ಮುಗಿಸಿಕೊಂಡು ಅಜ್ಜನ ಗ್ಯಾರೇಜಿಗೆ ಹೋಗೋಣ.